ಬೆಟ್ಟದ ಹೊಟ್ಟೆಯೊಳಗಿನ ಸ್ಫಟಿಕ

ಬೆಣಚುಕಲ್ಲು ನಿಮಗೆಲ್ಲಾ ಗೊತ್ತೇ ಇದೆ. ಹೊಲದ ಬದುವಿನಲ್ಲಿ ಬಿದ್ದಿರುವ ಬಿಳಿ ಕಲ್ಲು. ಕತ್ತಲಲ್ಲಿ ಎರಡನ್ನು ಒಂದಕ್ಕೊಂದು ಉಜ್ಜಿದರೆ ಮಿಣುಕ್ ಅಂತ ಬೆಳಕು ಬರುತ್ತೆ. ಅದೇ ಬೆಣಚು ಖಾಲಿ ಜಾಗ ಸಿಕ್ಕಿ ನಿಧಾನವಾಗಿ ಬೆಳೆದರೆ ಗಾಜಿನಂತೆ ತಿಳಿಯಾದ, ಆರು ಮೈಯುಳ್ಳ, ತುದಿ ಚೂಪಾದ ಸ್ಫಟಿಕ ಆಗುತ್ತದೆ. ಹಿಂದಿನ ಕಾಲದ ಗ್ರೀಕರು ಇದನ್ನು ಎಂದೂ ಕರಗದ ಮಂಜುಗಡ್ಡೆ ಎಂದು ತಿಳಿದಿದ್ದರಂತೆ. ಆದರೆ ಇದು ನೀರಿನಿಂದ ಆದದ್ದಲ್ಲ, ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದದ್ದು. ಇದರಿಂದ ಗೀಚಿದರೆ ಗಾಜಿಗೇ ಗೀರು ಬೀಳುತ್ತದೆ.

ಇಂಥ ಸ್ಫಟಿಕ ಹುಡುಕುವುದನ್ನೇ ಕಸುಬು ಮಾಡಿಕೊಂಡವರು ಯುರೋಪ್ ಖಂಡದ ಆಲ್ಪ್ಸ್ ಪರ್ವತದಲ್ಲಿ ಇದ್ದಾರೆ. ಸ್ವಿಟ್ಜರ್ಲೆಂಡ್ ದೇಶದಲ್ಲಿ ಅವರನ್ನು ಷ್ಟ್ರಾಲರ್ ಎಂದು ಕರೆಯುತ್ತಾರೆ. 1786ರ ಆಗಸ್ಟ್ 8ರಂದು ಮೌಂಟ್ ಬ್ಲಾಂಕ್ ಶಿಖರವನ್ನು ಮೊಟ್ಟಮೊದಲು ಹತ್ತಿದ ಇಬ್ಬರಲ್ಲಿ ಒಬ್ಬನಾದ ಬಾಲ್ಮಾ ಕೂಡ ಸ್ಫಟಿಕ ಹುಡುಕುವವನೇ. ಇನ್ನೊಬ್ಬ ಪಕ್ಕಾರ್ ಎಂಬ ವೈದ್ಯ.

ಅಷ್ಟು ಎತ್ತರದಲ್ಲಿ ಸ್ಫಟಿಕ ಬಂದದ್ದು ಹೇಗೆ? ಒಂದು ಕೋಟಿ ವರ್ಷಕ್ಕೂ ಹಿಂದೆ, ಆಲ್ಪ್ಸ್ ಪರ್ವತ ಮೇಲೇಳುತ್ತಿದ್ದಾಗ, ನೆಲದ ಆಳದಲ್ಲಿ ಬಂಡೆಗಳು ಸೀಳಿದವು. ಸೀಳಿನಲ್ಲಿ ಕುದಿಯುವ ನೀರಿಗಿಂತ ಎಷ್ಟೋ ಬಿಸಿಯಾದ ನೀರು ತುಂಬಿತು. ಅದು ಸುತ್ತಲಿನ ಬಂಡೆಯಿಂದ ಬೆಣಚನ್ನು ಕರಗಿಸಿಕೊಂಡಿತು. ನೀರು ತಣ್ಣಗಾದಂತೆಲ್ಲಾ ಕರಗಿದ್ದು ಗೋಡೆಗೆ ಅಂಟಿ ಬೆಳೆಯಿತು, ಸಕ್ಕರೆ ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವ ಹಾಗೆ. ಆಮೇಲೆ ಮಳೆ, ಹಿಮ ಮೇಲಿನ ಬಂಡೆಯನ್ನು ಸವೆಸಿ ಸೀಳಿನ ಬಾಯಿ ಹೊರಗೆ ಕಂಡಿತು.

ಷ್ಟ್ರಾಲರ್‌ಗಳು ಮೊದಲು ಬಂಡೆಯಲ್ಲಿ ಬಿಳಿ ಬೆಣಚಿನ ಪಟ್ಟಿ ಎಲ್ಲಿದೆ ಅಂತ ನೋಡ್ತಾರೆ. ಅದರ ಹತ್ತಿರವೇ ಪೊಟರೆ ಇರಬಹುದು. ಕಡಿದಾದ ಜಾಗವಾದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಲಸ. ಪೊಟರೆಯೊಳಗೆ ಹಸಿರು ಬಣ್ಣದ ಮರಳು ತುಂಬಿರುತ್ತದೆ, ಸ್ಫಟಿಕಗಳು ಅದರಲ್ಲಿ ಹೂತಿರುತ್ತವೆ. ಇಲ್ಲಿ ಸುತ್ತಿಗೆಯ ಆಟ ನಡೆಯುವುದಿಲ್ಲ. ಕೊಕ್ಕೆಯಿಂದ ಸ್ವಲ್ಪ ಸ್ವಲ್ಪವೇ ಮರಳು ಎಳೆದು, ಕೈ ಹಾಕಿ ತಡವುತ್ತಾರೆ. ಅವಸರ ಮಾಡಿ ತುದಿ ಮುರಿಯಿತೋ, ಅಲ್ಲಿಗೆ ಬೆಲೆ ಹೋಯ್ತು! ಕೋಟಿ ವರ್ಷ ಇದ್ದದ್ದು ಒಂದು ನಿಮಿಷದಲ್ಲಿ ಹಾಳು. ಹೊರಗೆ ತೆಗೆದ ಮೇಲೂ ಹುಷಾರಾಗಿರಬೇಕು. ತಣ್ಣನೆ ಪೊಟರೆಯಿಂದ ನೇರ ಬಿಸಿಲಿಗೆ ಇಟ್ಟರೆ, ತಣ್ಣನೆ ಗಾಜಿನ ಲೋಟಕ್ಕೆ ಬಿಸಿ ಚಹಾ ಹಾಕಿದಂತೆ ಬಿರುಕು ಬಿಡಬಹುದು. ಅದಕ್ಕೇ ಮುಚ್ಚಿಟ್ಟು, ಕಾಗದದಲ್ಲಿ ಸುತ್ತಿ, ಬೆನ್ನ ಮೇಲೆ ಹೊತ್ತು ಇಳಿಸುತ್ತಾರೆ.

ಯಾರು ಬೇಕಾದರೂ ಹೋಗಿ ಅಗೆಯುವ ಹಾಗಿಲ್ಲ, ಎಷ್ಟೋ ಕಡೆ ಪರವಾನಗಿ ಬೇಕು. ಇನ್ನೊಂದು ಪದ್ಧತಿ ನನಗೆ ಬಹಳ ಇಷ್ಟವಾಯ್ತು. ಪೊಟರೆ ಸಿಕ್ಕವನು ಗುರುತು ಹಾಕಿ ತನ್ನ ಹತಾರ ಅಲ್ಲೇ ಬಿಟ್ಟು ಹೋದರೆ, ಬೇರೆಯವರು ಆ ಪೊಟರೆ ಮುಟ್ಟಬಾರದು. ನಮ್ಮ ಕಡೆ ಬದುವಿನ ಮೇಲೆ ಗುದ್ದಲಿ ಬಿಟ್ಟು ಬಂದರೆ ಬೆಳಗ್ಗೆ ಗುದ್ದಲಿಯೇ ಇರೋದಿಲ್ಲ!

ಪ್ಲಾಂಗೆನ್‌ಷ್ಟಾಕ್ ಎಂಬ ಬೆಟ್ಟದಲ್ಲಿ ಫ್ರಾಂಜ್ ಫಾನ್ ಆರ್ಕ್ಸ್ ಮತ್ತು ಪಾಲ್ ಫಾನ್ ಕೆನೆಲ್ ಎಂಬ ಇಬ್ಬರು ಹಲವು ವರ್ಷ ಬಂಡೆ ಕೊರೆದರು. 2005ರಲ್ಲಿ ಅವರಿಗೆ 1 ಮೀಟರ್ ಉದ್ದದ ಸ್ಫಟಿಕವಿರುವ ಗೊಂಚಲು ಸಿಕ್ಕಿತು. ಅಂದರೆ ಹೆಚ್ಚುಕಡಿಮೆ ನಾಲ್ಕು ವರ್ಷದ ಮಗುವಿನಷ್ಟು ಎತ್ತರ! ಆ ಬೆಟ್ಟದ ಸ್ಫಟಿಕಗಳು ಈಗ ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿವೆ.

ಈಚೆಗೆ ಭೂಮಿ ಬಿಸಿಯಾಗುತ್ತಿರುವುದರಿಂದ ಆಲ್ಪ್ಸ್‌ನ ಹಿಮನದಿಗಳು ಕರಗಿ ಹಿಂದೆ ಸರಿಯುತ್ತಿವೆ. ಮಂಜಿನಡಿ ಮುಚ್ಚಿದ್ದ ಹೊಸ ಪೊಟರೆಗಳು ಕಾಣುತ್ತಿವೆ. ಇದು ಲಾಭ ಅನ್ನಿಸಬಹುದು. ಆದರೆ ಬಂಡೆಗಳ ಸಂದಿಯಲ್ಲಿ ಗಾರೆಯಂತೆ ಹಿಡಿದುಕೊಂಡಿದ್ದದ್ದೂ ಅದೇ ಮಂಜು. ಅದು ಕರಗಿದರೆ ಮೇಲಿನಿಂದ ಕಲ್ಲುಗಳು ಉರುಳಿ ಬೀಳುತ್ತವೆ. ಹಾಗಾಗಿ ಕಲ್ಲು ಬೀಳುವ ಜಾಗವನ್ನು ಬಿಸಿಲೇರುವ ಮುಂಚೆಯೇ, ನಸುಕಿನಲ್ಲೇ ದಾಟಿಬಿಡಬೇಕು.