ಭೀಮಸೇನನ ಊರುಗೋಲೋ, ಅಶೋಕನ ಶಾಸನವೋ?

ದೆಹಲಿಯ ಮುಖರ್ಜಿ ನಗರವು ಸರ್ಕಾರಿ ಸೇವೆಯ ಸ್ಪರ್ಧಾಪರೀಕ್ಷೆಗಳಿಗೆ ಓದುವ ವಿದ್ಯಾರ್ಥಿಗಳ ಬಡಾವಣೆಯೆಂದು ಪ್ರಸಿದ್ಧ. ಅಲ್ಲಿ ಸಾವಿರಾರು ತರುಣರು ‘ಸಾಮಾನ್ಯ ಜ್ಞಾನ’ವನ್ನು ಹಗಲಿರುಳು ಕಂಠಪಾಠ ಮಾಡುತ್ತಾರೆ. ಊರು, ಇಸವಿ, ಹೆಸರುಗಳನ್ನು ಬಿಡಿಬಿಡಿಯಾಗಿ ಕಲಿತರೆ ಪರೀಕ್ಷೆ ಮುಗಿದೊಡನೆ ಮರೆಯುವುದು ಸಹಜ. ಅವುಗಳ ಪರಸ್ಪರ ಸಂಬಂಧವನ್ನು ತಿಳಿದಾಗ ಮಾತ್ರ ಅದು ಜ್ಞಾನವೆನಿಸುತ್ತದೆ. ಇದಕ್ಕೆ ಉತ್ತಮ ಪಾಠವೊಂದು ಆ ಬಡಾವಣೆಯ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ‘ರಿಡ್ಜ್’ ಎಂಬ ಗುಡ್ಡಸಾಲಿನ ಮೇಲೆ, ಹಿಂದೂ ರಾವ್ ಆಸ್ಪತ್ರೆಯ ಸಮೀಪದಲ್ಲಿ ನಿಂತಿರುವ ಶಿಲಾಸ್ತಂಭವೇ ಆ ಪಾಠ.

ಕ್ರಿ.ಪೂ. 3ನೆಯ ಶತಮಾನದಲ್ಲಿ ಮೀರತ್‌ನಲ್ಲಿ ಸ್ಥಾಪಿತವಾದ ಈ ಸ್ತಂಭವನ್ನು 1356ರಲ್ಲಿ ಸುಲ್ತಾನ ಫಿರೋಜ್ ಷಾ ತುಘಲಕನು ಇಲ್ಲಿಯ ತನ್ನ ಬೇಟೆಯರಮನೆಗೆ ತರಿಸಿದನೆಂದು ಅದರ ಪೀಠದ ಬರಹವು ತಿಳಿಸುತ್ತದೆ. 1713–1719ರ ಅವಧಿಯಲ್ಲಿ ಮದ್ದಿನ ಕೋಠಿಯೊಂದು ಸಿಡಿದು ಸ್ತಂಭವು ಐದು ತುಂಡಾಯಿತು. ತುಂಡುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದ್ದು 1867ರಲ್ಲಿ.

ಸುಲ್ತಾನನ ಕಾಲದಲ್ಲಿ ಇದರ ಲಿಪಿಯನ್ನು ಓದಬಲ್ಲವರು ಯಾರೂ ಇರಲಿಲ್ಲ. ಇಂಥ ಸ್ತಂಭಗಳು ಭೀಮಸೇನನ ಊರುಗೋಲುಗಳೆಂಬ ಪ್ರತೀತಿ ಆಗ ಇದ್ದುದನ್ನು ಇತಿಹಾಸಕಾರ ಅಫೀಫನು ದಾಖಲಿಸಿದ್ದಾನೆ. ವಾಯುದೇವರ ದ್ವಿತೀಯಾವತಾರವನ್ನು ನಿತ್ಯ ಸ್ಮರಿಸುವ ನಮಗೆ ಈ ಕಥೆ ಪ್ರಿಯವೆನಿಸುವುದು ಸಹಜವೇ. ಆದರೆ ಅದು ನಿಜವೇ?

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದನು. ಸ್ತಂಭಗಳ ಮೇಲಿದ್ದುದು ‘ದೇವಾನಾಂಪಿಯ ಪಿಯದಸಿ’ ಎಂಬ ರಾಜನ ಧರ್ಮಾಜ್ಞೆಗಳು. ಈ ಸ್ತಂಭಶಾಸನಗಳಲ್ಲಿ ಐದನೆಯದು ಗಿಳಿ, ಗೊರವಂಕ, ಚಕ್ರವಾಕ, ಹಂಸ, ಬಾವಲಿ, ಆಮೆ, ಮುಳ್ಳುಹಂದಿ ಮೊದಲಾದವನ್ನು ಕೊಲ್ಲಕೂಡದೆನ್ನುತ್ತದೆ. ನಿಷ್ಕಾರಣವಾಗಿ ಕಾಡಿಗೆ ಬೆಂಕಿಯಿಡುವುದನ್ನು ನಿಷೇಧಿಸುತ್ತದೆ.

ಈ ರಾಜನು ಯಾರು? ಸಿಂಹಳದ ಗ್ರಂಥಗಳ ನೆರವಿನಿಂದ ವಿದ್ವಾಂಸರು ಅವನನ್ನು ಅಶೋಕನೆಂದು ಗುರುತಿಸಿದರು. ಆದರೆ ಶಾಸನದಲ್ಲಿಯೇ ಆ ಹೆಸರು ದೊರೆಯಬೇಕಿತ್ತು. ದೊರೆತದ್ದು ನಮ್ಮ ಕನ್ನಡ ನಾಡಿನಲ್ಲಿ! 1915ರಲ್ಲಿ ಗಣಿ ಇಂಜಿನಿಯರ್ ಸಿ. ಬೀಡನ್ ಇಂದಿನ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಂಡೆಯ ಮೇಲೊಂದು ಶಾಸನವನ್ನು ಕಂಡನು. ಅದರಲ್ಲಿ ‘ದೇವಾನಾಂಪಿಯ’ ಎಂಬ ಬಿರುದಿನೊಡನೆ ‘ಅಶೋಕ’ ಎಂಬ ಹೆಸರೂ ಸ್ಪಷ್ಟವಾಗಿತ್ತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳಗಳಲ್ಲಿಯೂ ಅದೇ ಹೆಸರು ದೊರೆಯಿತು. ಹೀಗೆ ದೆಹಲಿಯ ಕಂಬದ ಒಡೆಯನಿಗೆ ಸಾಕ್ಷಿ ನುಡಿದದ್ದು ಕರ್ನಾಟಕದ ಬಂಡೆ.

ಹಾಗಾದರೆ ಭೀಮಸೇನನ ಕಥೆ ಸುಳ್ಳಾದುದಕ್ಕೆ ಭಕ್ತರು ನೊಂದುಕೊಳ್ಳಬೇಕೆ? ಅಗತ್ಯವಿಲ್ಲ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ನಿರ್ದೋಷವಾದ ಶಬ್ದವೇ ಆಗಮವೆನಿಸುವುದು. ಲಿಪಿಯನ್ನರಿಯದ ಕಾಲದಲ್ಲಿ ಹುಟ್ಟಿದ ಜನಜನಿತ ಮಾತಿಗೆ ಆ ಯೋಗ್ಯತೆಯಿಲ್ಲ. ಕಣ್ಣಿಗೆ ಕಾಣುವ ಅಕ್ಷರವು ಬೇರೆಯೇ ಹೇಳುತ್ತಿರುವಾಗ ಅದನ್ನು ಒಪ್ಪುವುದೇ ಪ್ರಮಾಣನಿಷ್ಠೆ. ಭೀಮಸೇನದೇವರ ಮಹಿಮೆಗೆ ಮಹಾಭಾರತವೇ ಸಾಕ್ಷಿಯಾಗಿರಲು ಮೀರತ್ತಿನ ಕಂಬದ ಆಸರೆ ಏಕೆ ಬೇಕು? ಕಂಡಕಂಡ ಕಥೆಗಳನ್ನೆಲ್ಲ ಶಾಸ್ತ್ರವೆಂದು ಮಕ್ಕಳಿಗೆ ಹೇಳಿದರೆ, ಒಂದು ಸುಳ್ಳೆಂದು ತಿಳಿದ ದಿನ ಅವರು ನಿಜವಾದ ಶಾಸ್ತ್ರವನ್ನೂ ಸಂಶಯದಿಂದ ನೋಡುವರು. ಈ ಹೊಣೆ ಹಿರಿಯರಾದ ನಮ್ಮದು.

ಆದುದರಿಂದ ಒಂದು ಭಾನುವಾರ ಮಕ್ಕಳೊಡನೆ ಆ ಸ್ತಂಭವನ್ನು ನೋಡಿ ಬರುವುದು ಒಳ್ಳೆಯದು. ಊರುಗೋಲಿನ ಕಥೆಯನ್ನೂ ಹೇಳಿರಿ, ಅದು ಕಥೆಯೆಂದೂ ಹೇಳಿರಿ. ಬಳಿಕ ಮಸ್ಕಿಯ ಬಂಡೆ ಏನು ನುಡಿಯಿತೆಂದು ಅವರಿಂದಲೇ ಹೇಳಿಸಿರಿ.

॥ ಶ್ರೀಕೃಷ್ಣಾರ್ಪಣಮಸ್ತು ॥