ಸೆಲ್ಫ್ ಎತ್ತದಿದ್ದರೆ ಮೊದಲು ಮೀಟರ್ ಹಿಡಿಯಿರಿ, ಆಮೇಲೆ ಅಂಗಡಿಗೆ ಹೋಗಿ

ಮಿರಗ ಕೂಡುವ ಹೊತ್ತಿಗೆ ಸೇಡಂ, ಚಿತ್ತಾಪುರದ ಬ್ಯಾಟರಿ ಅಂಗಡಿಗಳ ಮುಂದೆ ಟ್ರ್ಯಾಕ್ಟರುಗಳು ಬಂದು ನಿಲ್ಲುತ್ತವೆ. ತೊಗರಿ ರಾಶಿ ಮುಗಿದ ಮೇಲೆ ಬಯಲಲ್ಲಿ ನಿಂತ ಗಾಡಿ ಏಪ್ರಿಲ್, ಮೇ ತಿಂಗಳ ಬಿಸಿಲನ್ನೆಲ್ಲ ಉಂಡಿರುತ್ತದೆ. ಬಿತ್ತನೆಗೆಂದು ಕೀಲಿ ತಿರುಗಿಸಿದರೆ ಟಕ್ ಎಂದು ಸುಮ್ಮನಾಗುತ್ತದೆ. ‘ಸೆಲ್ಫ್ ಎತ್ತವಲ್ದು, ಬ್ಯಾಟರಿ ಹೋತು’ ಎಂದು ಅಲ್ಲೇ ತೀರ್ಪಾಗಿ, ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ತರುತ್ತಾರೆ. ಮುಂದಿನ ವರ್ಷವೂ ಅದೇ ಕಥೆ. ಹಳೆಯ ಬ್ಯಾಟರಿ ನಿಜವಾಗಿ ಸತ್ತಿತ್ತೇ, ಸತ್ತಿದ್ದರೆ ಯಾತರಿಂದ ಎಂದು ಯಾರೂ ನೋಡುವುದಿಲ್ಲ. ಆ ಕಾರಣ ಗಾಡಿಯಲ್ಲೇ ಉಳಿದು ಹೊಸದನ್ನೂ ತಿನ್ನುತ್ತದೆ.

ಟ್ರ್ಯಾಕ್ಟರಿನದು 12 ವೋಲ್ಟಿನ ಸೀಸ-ಆಸಿಡ್ ಬ್ಯಾಟರಿ. ಒಳಗೆ ಆರು ಸೆಲ್ಲು, ಒಂದೊಂದಕ್ಕೆ ಎರಡು ವೋಲ್ಟಿಗಿಂತ ತುಸು ಹೆಚ್ಚು. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸೆಲ್ಫ್ ಮೋಟಾರ್ ತಿರುಗಿಸುವುದು ಅದರ ಕೆಲಸ. ಜೀಪು, ಟೆಂಪೋಗಳಿಗೂ ಇಲ್ಲಿ ಹೇಳಿದ್ದೇ ಅನ್ವಯ.

ಸತ್ತಿದೆಯೇ, ಹಸಿದಿದೆಯೇ?

ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮೀಟರ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಗಾಡಿ ಬಂದ್ ಮಾಡಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಬ್ಯಾಟರಿಯ ಎರಡೂ ಕಂಬಗಳಿಗೆ ಮೀಟರ್ ಹಚ್ಚಿ. 12.6 ಬಂದರೆ ಪೂರ್ತಿ ಚಾರ್ಜ್, 12.2 ಬಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಅದು ಖಾಲಿ ಬ್ಯಾಟರಿ, ಸತ್ತಿದೆ ಎಂದು ಅಷ್ಟಕ್ಕೇ ಹೇಳಲಾಗದು. ಮೊದಲು ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿಸಿ ತನ್ನಿ. ಆಮೇಲೆ ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಮೀಟರ್ ನೋಡಲಿ. ತುಂಬಿದ ಬ್ಯಾಟರಿಯೂ ಆ ಹೊತ್ತಿನಲ್ಲಿ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಕಾಲ ಮುಗಿದಿದೆ. ಕುಸಿಯದೆ ನಿಂತರೂ ಸೆಲ್ಫ್ ಎತ್ತದಿದ್ದರೆ ದೋಷ ಬೇರೆಡೆ ಇದೆ.

ಆ ‘ಬೇರೆಡೆ’ ಬಹಳ ಸಲ ನೆಗೆಟಿವ್ ಕೇಬಲ್ ಚಾಸಿಗೆ ಸೇರುವ ಬೋಲ್ಟು. ಕೆಸರು, ತುಕ್ಕು, ಬಣ್ಣ ಸೇರಿ ಅಲ್ಲಿ ಕರೆಂಟ್ ಹರಿಯುವುದಿಲ್ಲ. ಮೀಟರಿನ ಒಂದು ಮೊನೆಯನ್ನು ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ಬೋಲ್ಟು ಬಿಚ್ಚಿ, ಉಜ್ಜಿ, ಬಿಗಿದರೆ ಸಾಕು. ಒಂದು ಪೈಸೆ ಖರ್ಚಿಲ್ಲ.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಚಾರ್ಜ್ ಆದ ಮೇಲೆ ಹೈಡ್ರೋಮೀಟರಿನಿಂದ ಆರೂ ಸೆಲ್ಲು ನೋಡಿಸಿ. ಐದು ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ ಉಳಿದವುಗಳಿಂದ 0.050ಕ್ಕಿಂತ ಹೆಚ್ಚು ಕೆಳಗಿದ್ದರೆ ಆ ಸೆಲ್ಲು ಹೋಗಿದೆ. ಅಂಥದನ್ನು ಬಿಚ್ಚಿ ಪ್ಲೇಟ್ ಬದಲಿಸಿ ಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಬಿತ್ತನೆಯ ನಡುವೆ ಕೈಕೊಡುವ ಬ್ಯಾಟರಿಗೆ ಎಷ್ಟು ಕಡಿಮೆ ಕೊಟ್ಟರೂ ದುಬಾರಿಯೇ.

ಅಂಗಡಿಯಲ್ಲಿ ನೋಡಬೇಕಾದ್ದು

ಗಾಡಿಯ ಪುಸ್ತಕದಲ್ಲಿ ಎಷ್ಟು ಆಂಪಿಯರ್-ಅವರ್ ಎಂದು ಬರೆದಿದೆಯೋ ಅಷ್ಟನ್ನೇ ಕೇಳಿ. 75, 88, 100 ಎಂದು ಎಂಜಿನ್ನಿಗೆ ತಕ್ಕಂತೆ ಇರುತ್ತದೆ. ಮನೆಯ ಇನ್ವರ್ಟರ್ ಬ್ಯಾಟರಿಯನ್ನು ಟ್ರ್ಯಾಕ್ಟರಿಗೆ ಕೂರಿಸುವವರಿದ್ದಾರೆ, ‘150 ಅದ, ಇನ್ನೂ ಜೋರು’ ಎಂದು. ಇನ್ವರ್ಟರಿನ ದಪ್ಪ ಪ್ಲೇಟು ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಕೊಡಲು ಮಾಡಿದ್ದು. ಸೆಲ್ಫಿಗೆ ಬೇಕಾದ ಒಂದೇಟಿನ ಕರೆಂಟಿಗೆ ತೆಳುವಾದ, ಹೆಚ್ಚು ಸಂಖ್ಯೆಯ ಪ್ಲೇಟುಗಳು ಬೇಕು. ಹೊಲದ ದಾರಿಯ ಕುಲುಕಾಟ ತಾಳುವಂತೆಯೂ ಇನ್ವರ್ಟರ್ ಬ್ಯಾಟರಿಯನ್ನು ಕಟ್ಟಿರುವುದಿಲ್ಲ.

ಹಳೆಯದರ ಉದ್ದ, ಅಗಲ, ಎತ್ತರ ಅಳೆದುಕೊಂಡು ಹೋಗಿ. ಪ್ಲಸ್ ಕಂಬ ಎಡಕ್ಕಿದೆಯೋ ಬಲಕ್ಕಿದೆಯೋ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಅದಲುಬದಲಾದ ಬ್ಯಾಟರಿ ತಂದರೆ ಕೇಬಲ್ ಮುಟ್ಟುವುದಿಲ್ಲ. ಎಳೆದು ಮುಟ್ಟಿಸುವ ಗಡಿಬಿಡಿಯಲ್ಲಿ ಪ್ಲಸ್ಸಿಗೆ ಮೈನಸ್ ಬಿಗಿದರೆ ಆಲ್ಟರ್ನೇಟರಿನ ಡಯೋಡ್ ಸುಟ್ಟು ಹೋಗುತ್ತದೆ.

ತಯಾರಾದ ತಿಂಗಳು ಕೇಳಿ. ಚಾರ್ಜ್ ಇಲ್ಲದೆ ಆರು ತಿಂಗಳು ಗೋದಾಮಿನಲ್ಲಿ, ಅದೂ ನಮ್ಮ ಸೆಕೆಯಲ್ಲಿ ಕುಳಿತ ಬ್ಯಾಟರಿ ಹೊಸದಾಗಿ ಉಳಿದಿರುವುದಿಲ್ಲ. ಅಂಗಡಿಯಲ್ಲೇ ಮೀಟರ್ ಹಚ್ಚಿ, 12.4ಕ್ಕಿಂತ ಕಡಿಮೆ ಇದ್ದರೆ ಬೇರೆಯದು ಕೇಳಿ. ಒಣ ಬ್ಯಾಟರಿಗೆ ನಿಮ್ಮೆದುರೇ ಆಸಿಡ್ ಹಾಕಿ ಕೊಡುವುದಾದರೆ ಮೊದಲ ಚಾರ್ಜ್ ಮುಗಿಯುವವರೆಗೆ ಕಾಯಿರಿ. ‘ಗಾಡಿಯಲ್ಲೇ ಚಾರ್ಜ್ ಆಗ್ತದ, ಒಯ್ರಿ’ ಎಂದರೆ ಒಪ್ಪಬೇಡಿ.

ವಾರಂಟಿ 36 ತಿಂಗಳು ಎಂದರೆ 36 ತಿಂಗಳೂ ಪುಕ್ಕಟೆ ಬದಲಿ ಎಂದಲ್ಲ. ಮೊದಲ ಭಾಗಕ್ಕೆ ಮಾತ್ರ ಪುಕ್ಕಟೆ, ಉಳಿದದ್ದಕ್ಕೆ ರಿಯಾಯಿತಿ. ಎರಡನ್ನೂ ಬಿಡಿಸಿ ಕೇಳಿ. ಕಾರ್ಡಿನ ಮೇಲೆ ಬ್ಯಾಟರಿಯ ನಂಬರ್, ತಾರೀಖು, ಅಂಗಡಿಯ ಶಿಕ್ಕಾ ಬೀಳಿಸಿಕೊಂಡೇ ಹೊರಡಿ.

ನೀರಿನ ಮಾತು

ಈ ಭಾಗದಲ್ಲಿ ಬ್ಯಾಟರಿಯನ್ನು ಕೊಲ್ಲುವುದು ನೀರು. ಸೇಡಂನಿಂದ ಮಳಖೇಡ, ಚಿತ್ತಾಪುರ, ವಾಡಿ, ಶಹಾಬಾದ್‌ವರೆಗೆ ನಮ್ಮ ಕಾಲಡಿ ಇರುವುದು ಸುಣ್ಣಗಲ್ಲು. ಮನೆಗೆ ಹಾಸುವ ಫರ್ಸಿಯೂ ಅದೇ, ಕಾರ್ಖಾನೆಗಳು ಸುಟ್ಟು ಸಿಮೆಂಟು ಮಾಡುವುದೂ ಅದನ್ನೇ. ಬೋರಿನ ನೀರು ಆ ಕಲ್ಲಿನ ಅಂಶವನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ನಿಮ್ಮ ಮನೆಯ ನೀರು ಕಾಯಿಸುವ ಹಂಡೆಯೊಳಗೆ ಕೈಯಾಡಿಸಿ ನೋಡಿ. ಉಗುರಿನಿಂದ ಕೆರೆದರೂ ಏಳದ ಬಿಳಿ ಪದರ ಸಿಗುತ್ತದೆ. ಬ್ಯಾಟರಿಗೆ ಒಂದು ಚೊಂಬು ಬೋರಿನ ನೀರು ಸುರಿದವರು ಅದನ್ನೇ ಒಳಗೆ ಸುರಿದಿರುತ್ತಾರೆ.

ಬ್ಯಾಟರಿಯಿಂದ ಆರಿಹೋಗುವುದು ನೀರು ಮಾತ್ರ, ಲವಣವಲ್ಲ. ಪ್ರತಿ ಸಲ ಹಾಕಿದ ನೀರಿನ ಲವಣ ಒಳಗೇ ಉಳಿದು ಸೇರುತ್ತಾ ಹೋಗುತ್ತದೆ. ಸುಣ್ಣದಂಶ ಆಸಿಡ್ ಜೊತೆ ಕೂಡಿ ಜಿಪ್ಸಮ್ ಆಗಿ ಕೂರುತ್ತದೆ, ಅಷ್ಟು ಆಸಿಡ್ ದಂಡವಾದಂತೆ. ಕಬ್ಬಿಣದಂಶವಿದ್ದರೆ ಗಾಡಿ ನಿಂತಲ್ಲೇ ಚಾರ್ಜ್ ಸೋರುತ್ತದೆ, ಕ್ಲೋರೈಡ್ ಪ್ಲೇಟನ್ನೇ ತಿನ್ನುತ್ತದೆ. ‘ಫಿಲ್ಟರ್ ನೀರು ಹಾಕೀವ್ರಿ’ ಎನ್ನುವವರಿಗೂ ಇದೇ ಮಾತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಕರಗಿದ ಲವಣ ಇರಬಹುದು. ಮನುಷ್ಯನಿಗೆ ಅದು ಒಳ್ಳೆಯದೇ, ಬ್ಯಾಟರಿಗೆ ವಿಷ. ಆರ್‌ಒ ನೀರಿನಲ್ಲೂ ಸ್ವಲ್ಪ ಉಳಿದಿರುತ್ತದೆ. ತಗಡಿನಿಂದ ಇಳಿದ ಮಳೆ ನೀರಿನಲ್ಲಿ ಧೂಳು, ತುಕ್ಕು ಬೆರೆತಿರುತ್ತದೆ. ಪೆಟ್ರೋಲ್ ಪಂಪಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ.

ಇದಕ್ಕಿಂತ ಕೆಟ್ಟ ತಪ್ಪೆಂದರೆ ಮಟ್ಟ ಇಳಿಯಿತೆಂದು ಆಸಿಡ್ ಹಾಕುವುದು. ಎರಡು ದಿನ ಬ್ಯಾಟರಿ ಜೋರಾಗಿದ್ದಂತೆ ಕಾಣುತ್ತದೆ, ಆಮೇಲೆ ಪ್ಲೇಟು ಉದುರುತ್ತದೆ. ಚೆಲ್ಲಿ ಹೋಗದ ಹೊರತು ಆಸಿಡ್ ಕಡಿಮೆಯಾಗುವುದೇ ಇಲ್ಲ.

ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ. ಪ್ಲೇಟು ಬರಿದಾಗಿ ಕಂಡರೆ ಮುಳುಗುವಷ್ಟು ಮಾತ್ರ ನೀರು ಹಾಕಿ ಚಾರ್ಜ್ ಮಾಡಿ. ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಿಸಿ. ಮೊದಲೇ ಕಂಠಪೂರ್ತಿ ತುಂಬಿಸಿದರೆ ಬಿಸಿಗೆ ಉಬ್ಬಿ ಆಸಿಡ್ ಹೊರಚೆಲ್ಲುತ್ತದೆ.

ಬಿಚ್ಚುವುದು, ಕೂರಿಸುವುದು

ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬೀಡಿ, ಸಿಗರೇಟು ದೂರವಿರಲಿ, ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಬಿಚ್ಚುವಾಗ ಮೊದಲು ಮೈನಸ್, ಹಚ್ಚುವಾಗ ಕೊನೆಗೆ ಮೈನಸ್. ಪ್ಲಸ್ ಬಿಚ್ಚುವಾಗ ಪಾನಾ ಚಾಸಿಗೆ ತಗಲಿದರೆ, ಮೈನಸ್ ಇನ್ನೂ ಕೂಡಿದ್ದಾಗ ಕಿಡಿ ಹಾರಿ ಪಾನಾ ಕೆಂಪಾಗುತ್ತದೆ. ಕೈಯ ಉಂಗುರ, ಕಡಗ ತೆಗೆದಿಡಿ. ಅನುಮಾನ ಬಂದರೆ ಕಂಬ ನೋಡಿ, ದಪ್ಪನೆಯದು ಪ್ಲಸ್.

ಹಿಡಿಪಟ್ಟಿ ಸಡಿಲಿಸಿ ಇಬ್ಬರು ಸೇರಿ ನೇರವಾಗಿ ಎತ್ತಿ. ಕೆಳಗಿನ ತಗಡಿನ ಮೇಲೆ ಬಿಳಿ-ಹಸಿರು ಪುಡಿ ಇದ್ದರೆ ತಿನ್ನುವ ಸೋಡಾ ಕಲಸಿದ ನೀರು ಸುರಿಯಿರಿ. ನೊರೆ ನಿಂತ ಮೇಲೆ ತೊಳೆದು, ಒಣಗಿಸಿ, ತುಕ್ಕಿದ್ದರೆ ಬಣ್ಣ ಬಳಿಯಿರಿ. ಕೇಬಲ್ ಕ್ಲ್ಯಾಂಪಿನ ಒಳಮೈಯನ್ನು ಹೊಳೆಯುವವರೆಗೆ ಎಮರಿ ಪೇಪರಿನಿಂದ ಉಜ್ಜಿ.

ಹೊಸದನ್ನು ಕೂರಿಸಿ ಮೊದಲು ಹಿಡಿಪಟ್ಟಿ ಬಿಗಿಯಿರಿ. ಹಗ್ಗ ಕಟ್ಟಿ ಬಿಡಬೇಡಿ. ಎರೆಹೊಲದ ಕಾಲುದಾರಿಯಲ್ಲಿ, ಫರ್ಸಿ ತುಂಬಿದ ಟ್ರಾಲಿಯ ಜಗ್ಗಾಟದಲ್ಲಿ ಅಲುಗಾಡಿದರೆ ಪ್ಲೇಟು ಒಳಗೇ ಉದುರುತ್ತದೆ. ಕ್ಲ್ಯಾಂಪನ್ನು ಸುತ್ತಿಗೆಯಿಂದ ಬಡಿದು ಇಳಿಸಬೇಡಿ, ಬಾಯಿ ಅಗಲಿಸಿ ಇಳಿಸಿ. ಬಿಗಿದಾದ ಮೇಲೆ ಕಂಬಗಳಿಗೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಹಚ್ಚಿ.

ಗಾಡಿ ಚಾಲೂ ಮಾಡಿ, ಸ್ವಲ್ಪ ರೇಸ್ ಕೊಟ್ಟು ಮೀಟರ್ ನೋಡಿ. 13.8ರಿಂದ 14.4ರ ನಡುವೆ ಇರಬೇಕು. ಕಡಿಮೆ ಇದ್ದರೆ ಬೆಲ್ಟು ಅಥವಾ ಆಲ್ಟರ್ನೇಟರ್, 15 ದಾಟಿದರೆ ರೆಗ್ಯುಲೇಟರ್. ಅದನ್ನು ಸರಿಪಡಿಸದೆ ಹೊಲಕ್ಕೆ ಹೋದರೆ ಹೊಸ ಬ್ಯಾಟರಿಯೂ ಹಾಳು. ಬ್ಯಾಟರಿ ಸೋತಿದೆಯೆಂದು ಚಿಂಚೋಳಿ ಕಡೆಯ ಏರಿಳಿತದ ಊರುಗಳಲ್ಲಿ ಇಳಿಜಾರು ನೋಡಿ ಗಾಡಿ ನಿಲ್ಲಿಸಿ, ಉರುಳಿಸಿ ಚಾಲೂ ಮಾಡುವ ರೂಢಿಯಿದೆ. ದಯವಿಟ್ಟು ಬಿಡಿ. ಬ್ರೇಕ್ ಜಾರಿದರೆ ಮುಂದೆ ಆಡುವ ಮಕ್ಕಳಿಗೆ ಓಡಲೂ ಸಮಯ ಸಿಗುವುದಿಲ್ಲ.

ಇನ್ನು ಚಿಕ್ಕವು ಕೆಲವು. ವಾಡಿ, ಮಳಖೇಡ ಸುತ್ತ ಸಿಮೆಂಟ್ ಧೂಳು ಬ್ಯಾಟರಿಯ ಮೇಲೆ ಕೂತು, ಆಸಿಡ್ ಪಸೆಗೆ ಹಸಿಯಾಗಿ, ಕರೆಂಟ್ ಸೋರುವ ದಾರಿಯಾಗುತ್ತದೆ. ವಾರಕ್ಕೊಮ್ಮೆ ಹಸಿ ಬಟ್ಟೆಯಿಂದ ಒರೆಸಿ, ಮುಚ್ಚಳದ ಗಾಳಿತೂತು ಕಟ್ಟಿದ್ದರೆ ಬಿಡಿಸಿ. ಸೆಲ್ಫನ್ನು ಒಂದೇ ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಆಸಿಡ್ ಕಣ್ಣಿಗೆ ಬಿದ್ದರೆ ಕಾಲು ಗಂಟೆ ನೀರು ಬಿಟ್ಟು ತೊಳೆಯುತ್ತಾ ದವಾಖಾನೆಗೆ ಹೊರಡಿ. ಹಳೆಯ ಬ್ಯಾಟರಿಯನ್ನು ತೂಕಕ್ಕೆ ಅಂಗಡಿಯಲ್ಲೇ ಕೊಟ್ಟು ಬಿಲ್ಲಿನಲ್ಲಿ ಕಳೆಸಿಕೊಳ್ಳಿ, ಒಡೆದು ಸೀಸ ಕರಗಿಸುವವರಿಗೆ ಕೊಡಬೇಡಿ. ರಾಶಿ ಮುಗಿದು ಗಾಡಿ ನಿಲ್ಲಿಸುವ ದಿನ ಮೈನಸ್ ಕೇಬಲ್ ಬಿಚ್ಚಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ, ಗಾಡಿ ನೆರಳಲ್ಲಿರಲಿ.