ಅರ್ಧ ಅಂಗುಲದ ನಲ್ಲಿ

ಬಚ್ಚಲುಮನೆಯ ನಲ್ಲಿ ಸೆಕೆಂಡಿಗೊಂದು ಹನಿಯಂತೆ ತೊಟ್ಟಿಕ್ಕಿದರೆ ದಿನಕ್ಕೆ 86,400 ಹನಿಗಳಾಗುವುವು. ಸುಮಾರು 20 ಹನಿಗೆ ಒಂದು ಮಿಲಿಲೀಟರೆಂದು ಎಣಿಸಿದರೆ, ನಾಲ್ಕು ಲೀಟರಿಗೂ ಮಿಗಿಲಾದ ನೀರು ಮೋರಿಯ ಪಾಲು. ವಾಷರು ಮಾತ್ರ ಸವೆದಿದ್ದರೆ ಅದನ್ನಷ್ಟೇ ಬದಲಿಸಬಹುದು. ಅದು ಕೂರುವ ಪೀಠವೇ ಸವೆದಿದ್ದರೆ ಹೊಸ ನಲ್ಲಿಯನ್ನು ಹಾಕುವುದೇ ಲೇಸು.

ಅಂಗಡಿಯವನು ಅರ್ಧ ಅಂಗುಲದ್ದೆಂದು ಕೊಟ್ಟ ನಲ್ಲಿಯ ತಿರುಪನ್ನು ವಿದ್ಯಾರ್ಥಿಯು ಅಳೆದು ನೋಡಲಿ. ಅರ್ಧ ಅಂಗುಲವೆಂದರೆ 12.7 ಮಿ.ಮೀ.; ಅಳತೆಪಟ್ಟಿ ತೋರಿಸುವುದೋ ಸುಮಾರು 21 ಮಿ.ಮೀ.! ಎರಡೂ ಸರಿಯೇ. ಅರ್ಧ ಅಂಗುಲವೆಂಬುದು ಅದು ಸೇರುವ ಕೊಳವೆಯ ಒಳರಂಧ್ರದಿಂದ ಬಂದ ಹೆಸರು. ಬ್ರಿಟಿಷ್ ಮಾದರಿಯ ಈ ತಿರುಪಿನಲ್ಲಿ ಅಂಗುಲಕ್ಕೆ 14 ಸುತ್ತುಗಳಿರುತ್ತವೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ 55 ಡಿಗ್ರಿಯ ಕೋನವೇ ಇದರಲ್ಲಿ ಇಂದಿಗೂ ಉಳಿದಿದೆ.

ಮೊದಲು ತೊಟ್ಟಿಯ ವಾಲ್ವನ್ನು ಮುಚ್ಚಿ, ಕೊಳವೆಯಲ್ಲುಳಿದ ನೀರನ್ನು ಹರಿಯಬಿಡಬೇಕು. ಬಳಿಕ ಹಳೆಯ ನಲ್ಲಿಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ ಕಳಚಬೇಕು.

ಎರಡು ತಿರುಪುಗಳು ಎಷ್ಟು ಬಿಗಿಯಾಗಿ ಕೂಡಿದರೂ ನಡುವೆ ಸುರುಳಿಯಾಕಾರದ ಸಣ್ಣ ಸಂದು ಉಳಿಯುತ್ತದೆ. ನೀರಿಗೆ ಅಷ್ಟೇ ದಾರಿ ಸಾಕು. ಆ ಸಂದನ್ನು ತುಂಬುವುದೇ ಟೆಫ್ಲಾನ್ ಪಟ್ಟಿಯ ಕೆಲಸ. ಹೊಸ ನಲ್ಲಿಯ ತಿರುಪಿನ ತುದಿಯನ್ನು ನಮ್ಮತ್ತ ಹಿಡಿದು, ಗಡಿಯಾರದ ಮುಳ್ಳು ಚಲಿಸುವಂತೆಯೇ ಪಟ್ಟಿಯನ್ನು ಸುತ್ತಬೇಕು. ವಿರುದ್ಧವಾಗಿ ಸುತ್ತಿದರೆ, ಬಿಗಿಯುವಾಗ ಅದು ಬಿಚ್ಚಿಕೊಳ್ಳುವುದು.

ಮೊದಲ ಸುತ್ತುಗಳನ್ನು ಬರಿಗೈಯಿಂದಲೇ ತಿರುಗಿಸಬೇಕು. ಸ್ಪ್ಯಾನರೆಂಬುದು ಸನ್ನೆ ಎಂಬುದನ್ನು ಮರೆಯುವವರೇ ಹೆಚ್ಚು. 30 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯನ್ನು 10 ಕಿಲೋಗ್ರಾಂ ಭಾರದಷ್ಟು ಒತ್ತಿದರೆ, ಒಂದು ಸೆಂ.ಮೀ. ತ್ರಿಜ್ಯದ ತಿರುಪಿನ ಅಂಚಿನಲ್ಲಿ 300 ಕಿಲೋಗ್ರಾಂ ಭಾರದಷ್ಟು ಬಲ ಬೀಳುವುದು. ಗೋಡೆಯೊಳಗಿನ ಜೋಡಣೆ ಸೀಳಿದರೆ ಗೋಡೆಯನ್ನೇ ಒಡೆಯಬೇಕಾದೀತು.

ವಾಲ್ವನ್ನು ಮೆಲ್ಲನೆ ತೆರೆದು, ಸೇರುವೆಗೆ ಒಣಕಾಗದವನ್ನು ಒತ್ತಿ ನೋಡಿರಿ; ಸೋರಿಕೆಯಿದ್ದರೆ ಕಾಗದ ತೇವಗೊಳ್ಳುವುದು.